ಆರುನೂರ ಹನ್ನೆರಡು ಹೆಸರಿನ ಮುಂದೊಂದು ಮೈನಸ್

ರಾಜೀವನಗರ, ಮೈಸೂರು
ಭಾನುವಾರ, 13 ಜುಲೈ 2025

ಮುನಿಸಿಕೊಂಡು ಹೋದ ನನ್ನ ತಮ್ಮ ರಾಹುಲನಿಗೆ,

ಜೈಭೀಮ್ ಕಣೋ. ಹೇಗಿದ್ದೀಯ? ಬೆನ್ನು ಹೇಗಿದೆ? ಬನಿಯನ್ ಮೂಟೆಗಳನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿದೆ ಅಂತ ಅವ್ವನ ಹತ್ತಿರ ಹೇಳಿದ್ದೆಯಂತೆ. ಬರೀ ಮುಲಾಮು ಹಚ್ಚಿಕೊಂಡು ಸುಮ್ಮನಾಗಬೇಡ, ಒಂದು ಸಲ ಡಾಕ್ಟರಿಗೆ ತೋರಿಸು. ತಿರುಪ್ಪೂರಿನ ನೀರು ಗಡಸು ಅಂತಾರೆ, ಕುದಿಸಿ ಕುಡಿ. ಇಲ್ಲಿ ಅವ್ವ ಚೆನ್ನಾಗಿದ್ದಾಳೆ. ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಹತೋಟಿಯಲ್ಲಿಲ್ಲ. ಹಾಸ್ಟೆಲಿನ ಅಡುಗೆ ಕೆಲಸದಿಂದ ನಿವೃತ್ತಿಯಾಗಿ ವರ್ಷ ಕಳೆದರೂ ವಾರಕ್ಕೊಂದು ಸಲ ಅಲ್ಲಿಗೆ ಹೋಗಿ, ಹೊಸ ಅಡುಗೆಯವಳ ಸಾರಿನಲ್ಲಿ ಹುಳಿ ಜಾಸ್ತಿ ಅಂತ ಜಗಳ ತೆಗೆದು, ಅದೇ ಸಾರಿನಲ್ಲಿ ಎರಡು ಮುದ್ದೆ ಉಂಡು ಬರುತ್ತಾಳೆ. ನಿನ್ನ ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇದೆ. ತೆಗೆಯೋಕೆ ಅವ್ವ ಬಿಟ್ಟಿಲ್ಲ.

ನೀನು ಅವ್ವನಿಗೆ ಮಾತ್ರ ಫೋನ್ ಮಾಡ್ತೀಯ. ಪಕ್ಕದಲ್ಲಿ ನನ್ನ ದನಿ ಕೇಳಿಸಿದರೆ ‘ಸಿಗ್ನಲ್ ಇಲ್ಲ ಕಣವ್ವ’ ಅಂತ ಇಟ್ಟುಬಿಡ್ತೀಯ. ನನ್ನ ನಂಬರ್ ಬ್ಲಾಕ್ ಮಾಡಿ ಏಳು ತಿಂಗಳಾಯಿತು. ಅದಕ್ಕೇ ಕಾಗದ ಬರೀತಿದ್ದೀನಿ. ಕಾಗದವನ್ನು ಬ್ಲಾಕ್ ಮಾಡೋಕೆ ಬರಲ್ಲ, ಹರಿದು ಹಾಕಬಹುದು ಅಷ್ಟೆ. ಹರಿಯೋದಾದರೆ ಪೂರ್ತಿ ಓದಿ ಹರಿ. ಇದು ರಾಜಿ ಕಾಗದ ಅಲ್ಲ. ಹತ್ತು ದಿನದಿಂದ ನನಗೆ ಮೈಯೆಲ್ಲಾ ಉರೀತಿದೆ. ಆ ಉರಿಯಲ್ಲಿ ಅರ್ಧ ಅವರ ಮೇಲೆ, ಇನ್ನರ್ಧ ನನ್ನ ಮೇಲೆ. ಎರಡೂ ಕತೆ ನಿನಗೆ ಗೊತ್ತಾಗಬೇಕು, ಯಾಕೆಂದರೆ ಪೆಟ್ಟು ಬಿದ್ದದ್ದು ನಿನಗೆ.

ಡಿಸೆಂಬರ್ ತಿಂಗಳ ಆ ಜಗಳ ನೆನಪಿದೆ ತಾನೆ? ನೀನು ಕೆಲಸ ಮಾಡುತ್ತಿದ್ದ ಅಗ್ರಹಾರದ ಆಡಿಟರ್ ಆಫೀಸು ಮುಚ್ಚಿ ಹದಿನಾಲ್ಕು ತಿಂಗಳಾಗಿತ್ತು. ಮೂರು ವರ್ಷ ಅಲ್ಲಿ ಊರಿನ ಅರ್ಧ ಅಂಗಡಿಗಳ ಜಿಎಸ್‌ಟಿ ಕೆಲಸ ಮಾಡಿದವನು ನೀನು. ಹದಿನಾಲ್ಕು ತಿಂಗಳಲ್ಲಿ ಒಂದು ಇಂಟರ್‌ವ್ಯೂ ಇಲ್ಲ. ನಾನು ನಿನ್ನ ಬಯೋಡೇಟಾ ಒಂಬತ್ತು ಸಲ ತಿದ್ದಿದೆ. ಅಕ್ಷರದ ಗಾತ್ರ ಸರಿಯಿಲ್ಲ ಅಂದೆ, ಫೋಟೋದಲ್ಲಿ ನಗು ಇಲ್ಲ ಅಂದೆ, ಇಂಗ್ಲಿಷು ಸಾಲದು ಅಂದೆ. ಜನರನ್ನು ಕೆಲಸಕ್ಕೆ ಹುಡುಕಿಕೊಡೋದೇ ನನ್ನ ಹೊಟ್ಟೆಪಾಡು ನೋಡು, ಎಲ್ಲಾ ತಿಳಿದವಳ ಹಾಗೆ ಮಾತಾಡಿದೆ. ಕೊನೆಗೆ ನೀನೇ ನಾಚಿಕೆ ಬಿಟ್ಟು ಕೇಳಿದೆ. ‘ಅಕ್ಕಾ, ಕುವೆಂಪುನಗರದಲ್ಲಿ ಹೊಸದಾಗಿ ಬಂದಿರೋ ಫೈನಾನ್ಸ್ ಕಂಪನಿಗೆ ನಿಮ್ಮ ಆಫೀಸಿನವರೇ ಜನ ಆರಿಸ್ತಿದ್ದಾರಂತೆ. ನಿಮ್ಮ ಸರ್‌ಗೆ ಒಂದೇ ಒಂದು ಮಾತು ಹೇಳು.’ ನಾನೇನು ಮಾಡಿದೆ? ಭಾಷಣ ಮಾಡಿದೆ. ಅಪ್ಪನ ದಲಿತ ಸಂಘಟನೆಯಲ್ಲಿ ಬೆಳೆದವರು ಸ್ವಂತದವರಿಗಾಗಿ ಬಾಯಿ ತೆರೆಯಬಾರದು, ಶಿಫಾರಸು ಅನ್ನೋದು ಮೇಲಿನವರ ರೋಗ, ಯೋಗ್ಯತೆ ಇದ್ದರೆ ಕರೀತಾರೆ ಅಂದೆ. ಯೋಗ್ಯತೆ! ಆ ಪದ ನನ್ನ ಬಾಯಿಂದ ನನ್ನ ತಮ್ಮನ ಮುಖಕ್ಕೆ ಬಂತು. ನೀನು ತಟ್ಟೆಯಲ್ಲೇ ಕೈ ತೊಳೆದು ‘ನಿಂಗೆ ಸಂಘಟನೆ ಐತೆ, ನಂಗೆ ಕೆಲ್ಸ ಇಲ್ಲ’ ಅಂದೆ. ಮಾರನೇ ದಿನ ಚಾಮರಾಜನಗರದ ಬಸ್ಸು ಹತ್ತಿ, ಘಾಟಿ ಇಳಿದು, ತಿರುಪ್ಪೂರಿನ ಆ ಬನಿಯನ್ ಗೋಡೌನು ಸೇರಿಕೊಂಡೆ.

ಈಗ ನನ್ನ ಕೆಲಸ ಏನು ಅಂತ ಸರಿಯಾಗಿ ಹೇಳುತ್ತೇನೆ, ಕೇಳು. ‘ನಮ್ಮಕ್ಕ ಕಂಪ್ಯೂಟರ್ ಪೊಲೀಸು, ಕಳ್ಳರ ಬದಲು ಗುಮಾಸ್ತರನ್ನ ಹಿಡೀತಾಳೆ’ ಅಂತ ನಿನ್ನ ಗೆಳೆಯರ ಮುಂದೆ ಅಣಕಿಸುತ್ತಿದ್ದೆಯಲ್ಲ, ಅದು ಪೂರ್ತಿ ಸುಳ್ಳಲ್ಲ. ಕಂಪನಿಯವರು ಇಂಥಾ ಜನ ಬೇಕು ಅನ್ನುತ್ತಾರೆ. ನಾವು ಜಾಹೀರಾತು ಹಾಕಿ ಕಾಯುತ್ತಾ ಕೂರೋದಿಲ್ಲ. ಕೆಲಸ ಹುಡುಕುವ ಪೋರ್ಟಲ್ಲುಗಳಲ್ಲಿ, ಹಳೇ ವಿದ್ಯಾರ್ಥಿಗಳ ಗುಂಪುಗಳಲ್ಲಿ, ನಮ್ಮ ಆಫೀಸು ವರ್ಷಗಳಿಂದ ಕೂಡಿಟ್ಟಿರುವ ಬಯೋಡೇಟಾಗಳ ರಾಶಿಯಲ್ಲಿ ಪದಗಳ ಬಲೆ ಬೀಸುತ್ತೇವೆ. ಬಿ.ಕಾಂ. ಮತ್ತು ಜಿಎಸ್‌ಟಿ ಮತ್ತು ಟ್ಯಾಲಿ, ಮೈಸೂರು ಅಥವಾ ನಂಜನಗೂಡು, ಹೀಗೆ ಒಂದು ಸಾಲು ಹೆಣೆಯಬೇಕು. ಬೇಕಾದ ಪದ ಸೇರಿಸಬೇಕು, ಬೇಡದ ಪದದ ಮುಂದೆ ಒಂದು ಮೈನಸ್ ಹಾಕಬೇಕು. ಹೊಸಬರು ಬೇಡವಾದರೆ ‘ಫ್ರೆಶರ್’ ಅನ್ನೋ ಪದದ ಮುಂದೆ ಮೈನಸ್. ಅವರೆಲ್ಲಾ ಕಣ್ಣು ಮಿಟುಕಿಸೋದರಲ್ಲಿ ಉದುರಿಹೋಗುತ್ತಾರೆ. ಕೀಬೋರ್ಡಿನಲ್ಲಿ ಸೊನ್ನೆಯ ಪಕ್ಕದಲ್ಲೇ ಇದೆ ಆ ಗೀಟು. ಉದುರಿದವರಿಗೆ ತಾವು ಉದುರಿದ್ದೂ ಗೊತ್ತಾಗಲ್ಲ. ಬಲೆ ಹೆಣೆಯೋದರಲ್ಲಿ ಈ ಆಫೀಸಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ಹೆಮ್ಮೆಪಡುತ್ತಿದ್ದೆ.

ಎರಡು ವರ್ಷದ ಹಿಂದೆ, 2023ರ ಜೂನಿನಲ್ಲಿ, ನನಗೊಂದು ಯೋಚನೆ ಹೊಳೆಯಿತು. ನಾನು ದಿನಕ್ಕೆ ನೂರಾರು ಹೆಸರು ನೋಡುತ್ತೇನೆ, ಅದರಲ್ಲಿ ನಮ್ಮ ಹುಡುಗ ಹುಡುಗಿಯರು ಯಾಕಿಲ್ಲ? ಓದಿಲ್ಲವಾ? ಅವ್ವ ಇಪ್ಪತ್ತಾರು ವರ್ಷ ಅನ್ನ ಬೇಯಿಸಿ ಬಡಿಸಿದ, ನಮ್ಮ ಜನರ ಮಕ್ಕಳೇ ಇರುವ ಸರ್ಕಾರಿ ಹಾಸ್ಟೆಲಿನಿಂದಲೇ ಎಷ್ಟು ಜನ ಡಿಗ್ರಿ ಮಾಡಿಕೊಂಡು ಹೊರಗೆ ಬಂದಿದ್ದಾರೆ! ಆದರೆ ಅವರಿಗೆ ಪೋರ್ಟಲ್ಲಿನಲ್ಲಿ ತಮ್ಮನ್ನು ಹೊಳೆಯುವಂತೆ ಬರೆದುಕೊಳ್ಳೋಕೆ ಹೇಳಿಕೊಟ್ಟವರಿಲ್ಲ. ಅವರು ನಮ್ಮ ಬಲೆಗೆ ಬೀಳೋದಿಲ್ಲ. ಹಾಗಾದರೆ ನಾನೇ ತಂದು ಹಾಕುತ್ತೇನೆ ಅಂದುಕೊಂಡೆ. ಅವ್ವನಿಗೆ ದುಂಬಾಲು ಬಿದ್ದೆ. ಅವ್ವ ವಾರ್ಡನ್ನರಿಗೆ ದುಂಬಾಲು ಬಿದ್ದು ಹಳೇ ರಿಜಿಸ್ಟರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಳು. ಐದು ಭಾನುವಾರ ಕೂತು ಟೈಪ್ ಮಾಡಿದೆ. ನಾನು ಒಂದೊಂದೇ ಹೆಸರು ಓದೋದು, ಅವ್ವ ಹುರುಳಿಕಾಯಿ ಬಿಡಿಸುತ್ತಾ ಆ ಹೆಸರಿನವನ ಪುರಾಣ ಹೇಳೋದು. ‘ಇವ್ನು ಮುದ್ದೆ ಅಗೀತಿದ್ದ ಕಣಮ್ಮಿ, ನುಂಗೋದು ನಾನೇ ಕಲಿಸ್ಕೊಟ್ಟೆ.’ ‘ಇವ್ನು ಪರೀಕ್ಷೆ ಟೈಮಲ್ಲಿ ಮೊಸರನ್ನ ಬಿಟ್ರೆ ಏನೂ ಮುಟ್ತಿರ್ಲಿಲ್ಲ, ಈಗ ಎಲ್ಲವ್ನೋ.’ ಆರುನೂರ ಹನ್ನೆರಡು ಹೆಸರು. ಓದು, ಊರು, ಫೋನ್ ನಂಬರು. ಪುಸ್ತಕದಲ್ಲಿ ನಂಬರು ಇಲ್ಲದವರನ್ನೂ ನಾನು ಆ ಗುಂಪು ಈ ಗುಂಪು ಜಾಲಾಡಿ ಹುಡುಕಿದೆ. ನೀನೂ ಅದರಲ್ಲಿದ್ದೆ. ಅವ್ವನ ಅಡುಗೆಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು ಓದಿದ ಐದು ವರ್ಷವೂ ಅಲ್ಲಿ ದಾಖಲಾಗಿದೆ. ಹೆಸರು ಹಾಕಲಾ ಅಂತ ಯಾರನ್ನೂ ಕೇಳಲಿಲ್ಲ ನಾನು. ಒಳ್ಳೇದಕ್ಕೆ ತಾನೆ, ಕೇಳೋದೇನು ಅಂದುಕೊಂಡೆ. ನಿನ್ನನ್ನೂ ಕೇಳಲಿಲ್ಲ. ಆ ಪಟ್ಟಿಯನ್ನು ಆಫೀಸಿನ ರಾಶಿಗೆ ಸೇರಿಸಿ, ಬೇಕಾದಾಗ ಒಟ್ಟಿಗೆ ಸಿಗಲಿ ಅಂತ ಪ್ರತಿ ಹೆಸರಿಗೂ ಒಂದು ಗುರುತು ಅಂಟಿಸಿದೆ. ನಾವು ಅದಕ್ಕೆ ಟ್ಯಾಗ್ ಅಂತೀವಿ. ‘ಹಾಸ್ಟೆಲ್’ ಅನ್ನೋ ಟ್ಯಾಗು. ಅಂಟಿಸಿದ್ದು ಈ ಕೈಗಳೇ.

ನಮ್ಮ ಟೀಮ್ ಲೀಡರ್ ಸುದರ್ಶನ್ ಅಂತ. ಅಗ್ರಹಾರದವರು, ಅಜ್ಜ ಅರಮನೆಯಲ್ಲಿ ಲೆಕ್ಕ ಬರೆಯುತ್ತಿದ್ದವರಂತೆ. ದನಿ ಎತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವರಮ್ಮ ಕಮಲಮ್ಮನವರು ಮಾಡಿಕೊಟ್ಟ ಪುಳಿಯೋಗರೆಯನ್ನು ನನ್ನ ತಟ್ಟೆಗೂ ಹಾಕಿ, ತಾವೂ ಪಕ್ಕದಲ್ಲೇ ಕೂತು ತಿನ್ನುವ ಮನುಷ್ಯ. ನನ್ನ ಪಟ್ಟಿ ನೋಡಿ ಮೀಟಿಂಗಿನಲ್ಲಿ ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿದರು. ‘ಯಾರಿಗೂ ಕಾಣದ ಪ್ರತಿಭೆ ತಂದಿದ್ದಾರೆ ಪದ್ಮಾವತಿಯವರು’ ಅಂದರು. ಗಾಜಿನ ಫ್ರೇಮಿನ ಸರ್ಟಿಫಿಕೇಟು ಕೊಟ್ಟರು. ಅದನ್ನು ಮನೆಗೆ ತಂದು ಬಾಬಾಸಾಹೇಬರ ಫೋಟೋ ಪಕ್ಕದಲ್ಲೇ ಇಟ್ಟೆ ಕಣೋ. ಮೊನ್ನೆ ಅದನ್ನು ತೆಗೆದು ಮಂಚದ ಕೆಳಗೆ ತಳ್ಳಿದೆ.

ಹತ್ತು ದಿನದ ಹಿಂದೆ, ಗುರುವಾರ. ಮಾಲವಿಕಾ ಅಂತ ಹೊಸ ಹುಡುಗಿ ಸೇರಿದ್ದಾಳೆ, ಅವಳಿಗೆ ಬಲೆ ಹೆಣೆಯೋದು ಕಲಿಸುತ್ತಿದ್ದೆ. ನಮ್ಮಲ್ಲೊಂದು ಪದ್ಧತಿ ಇದೆ. ಸಾಲು ಸರಿಯಾಗಿದೆಯಾ ಅಂತ ನೋಡಬೇಕಾದರೆ, ಅದರಲ್ಲಿ ಸಿಗಲೇಬೇಕಾದ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅವನು ಬಲೆಗೆ ಬಿದ್ದರೆ ಬಲೆ ಸರಿ. ಅದೇ ಫೈನಾನ್ಸ್ ಕಂಪನಿಗೆ ಇನ್ನೊಂದು ಬ್ಯಾಚು ಆರಿಸಬೇಕಿತ್ತು. ‘ಮೇಡಂ, ಯಾರನ್ನ ಇಟ್ಕೊಳ್ಳಲಿ? ನಂಗೆ ಅಕೌಂಟ್ಸ್‌ನವ್ರು ಯಾರೂ ಗೊತ್ತಿಲ್ಲ’ ಅಂದಳು. ನನಗೆ ತಟ್ಟನೆ ಹೊಳೆದದ್ದು ನೀನು. ಈ ಕೆಲಸಕ್ಕೆ ಅಚ್ಚು ಹೊಯ್ದ ಹಾಗಿದ್ದಾನೆ, ನನ್ನ ತಮ್ಮನ ಹೆಸರೇ ಹಾಕು ಅಂದೆ. ಎರಡು ವರ್ಷದಲ್ಲಿ ಒಂದೇ ಒಂದು ಸಲವೂ ನಾನು ಆಫೀಸಿನ ಕಂಪ್ಯೂಟರಿನಲ್ಲಿ ನಿನ್ನನ್ನು ಹುಡುಕಿರಲಿಲ್ಲ. ಯಾಕೆ? ತತ್ವ! ತಮ್ಮನ ಫೈಲು ತೆಗೆದು ನೋಡಿದರೆ ಪಕ್ಷಪಾತ ಆಗುತ್ತೆ ಅನ್ನುವ ಸುಡುಗಾಡು ತತ್ವ.

ನೀನು ಸಿಗಲಿಲ್ಲ. ನೂರ ಎಂಬತ್ತು ಜನ ಬಂದರು, ನೀನಿಲ್ಲ. ಊರಿನ ಹೆಸರು ತೆಗೆಸಿದೆ, ಇಲ್ಲ. ವಯಸ್ಸು ತೆಗೆಸಿದೆ, ಇಲ್ಲ. ಸಾಲಿನ ಕೊನೆಯಲ್ಲಿ ಒಂದು ತುಂಡು ಉಳಿದಿತ್ತು. ಇದೇನು ಅಂದೆ. ‘ಗೊತ್ತಿಲ್ಲ ಮೇಡಂ, ಈ ಕ್ಲೈಂಟ್‌ದು ಯಾವ ಸಾಲು ಮಾಡಿದ್ರೂ ಕೊನೇಲಿ ಇದನ್ನ ಅಂಟಿಸ್ಬೇಕು ಅಂತ ಸರ್ ಹೇಳ್ಕೊಟ್ಟಿದ್ದಾರೆ’ ಅಂದಳು ಆ ಹುಡುಗಿ. ಬಗ್ಗಿ ಓದಿದೆ. ಮೈನಸ್, ಹಾಸ್ಟೆಲ್. ನನ್ನದೇ ಟ್ಯಾಗು, ಅದರ ಮುಂದೆ ಗೀಟು. ನಾನೇ ಕೈಯಾರೆ ಅದನ್ನು ಅಳಿಸಿ ಮತ್ತೆ ಹುಡುಕಿದೆ. ಮೂವತ್ತೆಂಟು ಜನ ಒಮ್ಮೆಗೇ ಮೇಲೆದ್ದು ಬಂದರು. ನೀನು ನಾಲ್ಕನೆಯವನು. ನಗದೇ ಇರುವ ಅದೇ ಫೋಟೋ.

ಹಳೇ ಸಾಲುಗಳನ್ನೆಲ್ಲಾ ತೆಗೆದು ನೋಡಿದೆ. ನನಗೆ ಚಪ್ಪಾಳೆ ಬಿದ್ದ ಎರಡೇ ತಿಂಗಳಿಗೆ ಆ ಗೀಟು ಶುರುವಾಗಿದೆ. ಮೊದಲು ಒಂದು ಕಂಪನಿಗೆ, ಆಮೇಲೆ ಮೂರಕ್ಕೆ, ಈಗ ಏಳಕ್ಕೆ. ಆ ಏಳರ ಸಾಲುಗಳನ್ನೂ ಸುದರ್ಶನ್ ಅವರೇ ಹೆಣೆಯುತ್ತಿದ್ದರು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೊರಗಿನವರ ವಿಚಾರ ನನಗೆ ಗೊತ್ತಿಲ್ಲ. ಆದರೆ ನಮ್ಮ ಆಫೀಸಿನ ಮೂಲಕ ನೀನು ಹನ್ನೊಂದು ಸಲ ಅರ್ಜಿ ಹಾಕಿದ್ದೀಯ, ಹನ್ನೊಂದು ಸಲವೂ ಒಬ್ಬನೇ ಒಬ್ಬ ಮನುಷ್ಯನೂ ನಿನ್ನ ಅರ್ಜಿ ತೆರೆದಿಲ್ಲ. ನಾನು ಒಂಬತ್ತು ಸಲ ತಿದ್ದಿದ ಆ ಬಯೋಡೇಟಾವನ್ನು ಓದಿದವರು ಯಾರೂ ಇಲ್ಲ ಕಣೋ. ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಮೊದಲನೇ ಸಲ ನೀನು ಬರೆದದ್ದೇ ಚೆನ್ನಾಗಿತ್ತು.

ಅಪ್ಪನ ಕಾಲದಲ್ಲಿ ನಮ್ಮೂರ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದರು. ಅದು ಕಣ್ಣಿಗೆ ಕಾಣುತ್ತಿತ್ತು. ಸಿದ್ದಪ್ಪಾಜಿ ಅನ್ನೋ ಇಪ್ಪತ್ತು ವರ್ಷದ ಹುಡುಗ ಒಂದು ದಿನ ಹೋಗಿ ಅದನ್ನು ಕಲ್ಲಿಗೆ ಕುಕ್ಕಿ ಒಡೆದ, ಹೊಡೆತ ತಿಂದ, ಸಂಘಟನೆ ಸೇರಿದ, ನಮ್ಮಪ್ಪ ಆದ. ಈ ಗೀಟನ್ನು ಯಾವ ಕಲ್ಲಿಗೆ ಕುಕ್ಕಲಿ ನಾನು? ಎ.ಸಿ. ರೂಮಿನಲ್ಲಿ, ಪುಳಿಯೋಗರೆ ಹಂಚಿಕೊಂಡು, ಒಂದು ಕೆಟ್ಟ ಮಾತಿಲ್ಲದೆ, ಆರುನೂರ ಹನ್ನೆರಡು ಜನರನ್ನು ಊರಾಚೆಗೆ ಇಟ್ಟರಲ್ಲೋ! ಊರಾಚೆ ಇಟ್ಟೆವು ಅಂತ ಇಟ್ಟವರಿಗೂ ಅನ್ನಿಸಲಿಲ್ಲ, ಇದ್ದೀವಿ ಅಂತ ಇರುವವರಿಗೂ ತಿಳಿಯಲಿಲ್ಲ. ಆಗ ನಮ್ಮನ್ನು ಗುರುತು ಹಿಡಿಯೋಕೆ ಅವರೇ ಕೇರಿಗೆ ಬರಬೇಕಿತ್ತು. ಈಗ ಕೇರಿಯನ್ನು ಟೈಪ್ ಮಾಡಿ, ಫೋನ್ ನಂಬರು ಹುಡುಕಿ, ಗುರುತು ಅಂಟಿಸಿ ಕೊಡೋಕೆ ನನ್ನಂಥವಳು ಸಿಕ್ಕಳು.

ನೇರವಾಗಿ ಸುದರ್ಶನ್ ಟೇಬಲ್ಲಿಗೆ ಹೋದೆ. ಎಲ್ಲರೂ ಕೇಳಿಸಿಕೊಳ್ಳಲಿ ಅಂತಲೇ ನಿಂತುಕೊಂಡು ಕೇಳಿದೆ. ಅವರು ಆಗಲೂ ದನಿ ಎತ್ತಲಿಲ್ಲ. ‘ಕೂತ್ಕೊಳ್ಳಿ ಪದ್ಮಾವತಿಯವರೇ. ಇದು ಜಾತಿ ವಿಷಯ ಅಲ್ಲ, ಬರೀ ಟ್ಯಾಗು’ ಅಂದರು. ಆ ಟ್ಯಾಗಿನಲ್ಲಿ ಬೇರೆ ಜಾತಿಯವರು ಒಬ್ಬರನ್ನ ತೋರಿಸಿ ಸಾರ್ ಅಂದೆ. ‘ನೀವೇ ಅಲ್ವಾ ಲಿಸ್ಟ್ ಮಾಡಿದ್ದು’ ಅಂದರು. ಕೆನ್ನೆಗೆ ಬಾರಿಸಿದ ಹಾಗಾಯಿತು, ಯಾಕೆಂದರೆ ಅದು ನಿಜ. ಕಂಪನಿಯವರು ಫೋನಿನಲ್ಲಿ ‘ಮೊದಲ ಬ್ಯಾಚಿಗೆ ಆ ಥರದ ಗುಂಪು ಬೇಡ, ನಮ್ಮ ವಾತಾವರಣಕ್ಕೆ ಹೊಂದಿಕೊಳ್ಳಲ್ಲ’ ಅಂದರಂತೆ. ಬರೆದು ಕೊಟ್ಟಿಲ್ಲ, ಬರೆಯೋದೂ ಇಲ್ಲ. ‘ನಾನಾಗಿ ಏನೂ ಮಾಡ್ಲಿಲ್ಲ ಕಣ್ರೀ, ಕ್ಲೈಂಟ್ ಕೇಳಿದ್ದು ಮಾಡ್ದೆ. ನಮ್ಮನೇಲಿ ನೀವು ಕೂತು ಕಾಫಿ ಕುಡಿದಿಲ್ವಾ? ನನ್ನನ್ನ ಆ ಥರ ನೋಡ್ಬೇಡಿ’ ಅಂದರು. ಕಾಫಿ ಕೊಟ್ಟ ಲೋಟದ ಋಣಕ್ಕೆ ಆರುನೂರ ಹನ್ನೆರಡು ಜನರ ಅನ್ನ ಬಿಟ್ಟುಕೊಡಬೇಕಂತೆ! ಆ ಮನುಷ್ಯನ ಕಣ್ಣಲ್ಲಿ ನೀರಿತ್ತು ರಾಹುಲ. ನಮಗಾಗಿ ಅಲ್ಲ, ತನ್ನ ಒಳ್ಳೇತನಕ್ಕೆ ಮಸಿ ಬಿತ್ತು ಅಂತ.

ಇನ್ನೊಂದು ಮಾತು ಹೇಳದಿದ್ದರೆ ನನ್ನ ಎದೆ ಒಡೆಯುತ್ತೆ. ನಮ್ಮ ವಿದ್ಯೆಯಲ್ಲಿ ಎಲ್ಲಕ್ಕಿಂತ ಒಳ್ಳೇ ದಾರಿ ಯಾವುದು ಗೊತ್ತಾ? ರೆಫರಲ್ಲು. ಈಗಾಗಲೇ ಕೆಲಸದಲ್ಲಿ ಇರುವವನು ತನಗೆ ಗೊತ್ತಿರುವವನ ಹೆಸರು ಹೇಳೋದು. ಅದಕ್ಕೆ ಟ್ರೇನಿಂಗು ಕೊಡುತ್ತಾರೆ, ಬಹುಮಾನ ಕೊಡುತ್ತಾರೆ. ‘ನಮ್ಮ ಹುಡುಗ ಕಣ್ರೀ, ಒಳ್ಳೇ ಮನೆತನ’ ಅಂತ ಒಂದು ಮಾತು ಹೇಳಿದರೆ ಅವನ ಫೈಲು ಬಲೆಯ ಮೇಲಿಂದಲೇ ಹಾರಿ ಒಳಗೆ ಬೀಳುತ್ತೆ. ಸುದರ್ಶನ್ ತಂಗಿಯ ಗಂಡ ಹಾಗೆ ಬಂದ, ರಾಮಕೃಷ್ಣನಗರದ ನಮ್ಮ ಆಫೀಸಿನ ಕಟ್ಟಡದ ಮಾಲೀಕರ ಮಗ ಹಾಗೆ ಬಂದ. ಅವರು ಮಾಡಿದರೆ ಅದು ಪದ್ಧತಿ, ನಾನು ಮಾಡಿದರೆ ಶಿಫಾರಸು! ಅದನ್ನು ಹತ್ತು ವರ್ಷ ಹೊಸಬರಿಗೆ ಕಲಿಸಿದವಳು ನಾನು. ಮನೆಗೆ ಬಂದು ತಮ್ಮನಿಗೆ ಅದು ಪಾಪ ಅಂತ ಬೋಧನೆ ಮಾಡಿದವಳೂ ನಾನೇ. ನಮ್ಮ ಪ್ರಾಮಾಣಿಕತೆಯಿಂದ ಯಾರಿಗೆ ಲಾಭ ಆಯಿತು, ಲೆಕ್ಕ ಹಾಕು. ಸಂಘಟನೆಯ ಅಧ್ಯಯನ ಶಿಬಿರದಲ್ಲಿ ಯಾವ ವಿಷಯ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ ಅದು, ಯಾರಿಗೆ ಲಾಭ? ಊರಿಗೆಲ್ಲಾ ಕೇಳಿದೆ, ನನ್ನ ತತ್ವವನ್ನು ಮಾತ್ರ ಕೇಳಲಿಲ್ಲ. ತಪ್ಪಾಯಿತು ಕಣೋ. ಯೋಗ್ಯತೆ ಅಂದ ಆ ಮಾತಿಗೆ ನಿನ್ನ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ. ಕ್ಷಮಿಸಲೇಬೇಕು ಅಂತಿಲ್ಲ.

ಅವ್ವನಿಗೆ ಹೇಗೆ ಹೇಳೋದು ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ಹೇಳಿದೆ. ಅವ್ವ ಅಳಲಿಲ್ಲ, ಕೂಗಾಡಲಿಲ್ಲ. ‘ನನ್ ಕೈಲೇ ಅಲ್ವಾ ತರಿಸ್ದೆ ಆ ಬುಕ್ಕ’ ಅಂದಳು. ಆಮೇಲೆ, ‘ಅವ್ರ್ಗೆಲ್ಲಾ ಹೇಳ್ಬೇಕು. ಒಬ್ರನ್ನೂ ಬುಡಂಗಿಲ್ಲ. ತಪ್ಪು ಮಾಡಿದ್ದೀವಿ ಅಂತ ನಾವೇ ಹೇಳ್ಬೇಕು. ಫೋನ್ ಹಚ್ಚು’ ಅಂದಳು. ಅವತ್ತಿಂದ ದಿನಾ ಬೆಳಿಗ್ಗೆ ಅವ್ವನೂ ನಾನೂ ಫೋನ್ ಹಿಡಿದು ಕೂರುತ್ತೇವೆ. ಇವತ್ತಿಗೆ ನೂರ ನಲವತ್ತು ಜನರಿಗೆ ಹೇಳಿ ಆಗಿದೆ. ಕೆಲವರು ನಗುತ್ತಾರೆ, ‘ಗೊತ್ತಿತ್ತು ಬುಡಿ ಅಕ್ಕ’ ಅಂತ. ಆ ನಗು ಕೇಳೋಕೆ ಆಗಲ್ಲ. ಕೆಲವರು ನನಗೆ ಬಾಯಿಗೆ ಬಂದ ಹಾಗೆ ಬೈಯುತ್ತಾರೆ, ಅದೇ ಎಷ್ಟೋ ವಾಸಿ. ನಿನ್ನ ಸೀನಿಯರ್ ಅಶೋಕ, ಎಂ.ಕಾಂ. ಮಾಡಿ ಈಗ ರೈಲ್ವೆ ಸ್ಟೇಷನ್ ಹತ್ತಿರ ಆಟೋ ಓಡಿಸುತ್ತಾನಲ್ಲ, ಅವನು ಪೂರ್ತಿ ಕೇಳಿಸಿಕೊಂಡು ‘ಅಕ್ಕೋ, ನಮ್ಮನ್ನ ಹುಡುಕ್ಕೊಡಿ ಅಂತ ನಿಮ್ಮನ್ನ ಯಾರು ಕೇಳಿದ್ರು?’ ಅಂದ. ಅವ್ವ ಫೋನ್ ಕಿತ್ತುಕೊಂಡು ‘ಉಂಡ್ಯೇನಪ್ಪಾ’ ಅಂದಳು.

ವಕೀಲ ಸಿದ್ದಮಲ್ಲಪ್ಪನವರ ಹತ್ತಿರ ಹೋಗಿ ಬಂದೆ. ಅಪ್ಪನ ಜೊತೆ ಜೈಲಿಗೆ ಹೋಗಿದ್ದವರು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆಗೆ ಕರೆದುಕೊಂಡು ಹೋದವರು. ಸಿಹಿ ಮಾತು ಹೇಳಲಿಲ್ಲ. ‘ಖಾಸಗಿ ಕಂಪನಿ ಕಣವ್ವಾ, ದಾರಿ ಕಿರಿದು. ಆದರೂ ನುಗ್ಗಿ ನೋಡೋಣ’ ಅಂದರು. ಎರಡು ವಿಷಯ ಹೇಳಿದರು. ಒಂದು, ಒಪ್ಪಿಗೆ ಇಲ್ಲದೆ ಅಷ್ಟು ಜನರ ಹೆಸರು, ನಂಬರು ಹೊರಗೆ ಕೊಟ್ಟಿದ್ದಕ್ಕೆ ನನ್ನ ಮೇಲೂ ಕ್ರಮ ಆಗಬಹುದು. ಅದನ್ನು ದೂರಿನಲ್ಲಿ ಬಚ್ಚಿಡಬೇಡಿ, ಮೊದಲ ಪ್ಯಾರಾದಲ್ಲೇ ಬರೆಯಿರಿ ಅಂದೆ. ಇನ್ನೊಂದು, ನಾನು ನೋಡಿದೆ ಅಂದರೆ ಸಾಲದಂತೆ. ಪೆಟ್ಟು ತಿಂದವರು ಒಬ್ಬರು ಮುಂದೆ ನಿಲ್ಲಬೇಕಂತೆ. ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದಕ್ಕೆ ಸಾಕ್ಷಿ ಇರಬೇಕು, ಅದಕ್ಕೆ ಬೇಕಾದ ಓದು, ಅನುಭವ ಇರಬೇಕು, ಬೇಡ ಅಂದ ಮೇಲ್ ಇರಬೇಕು. ನಾವು ಫೋನ್ ಮಾಡಿದವರಲ್ಲಿ ಹೆಚ್ಚಿನವರು ಹಳೇ ಮೇಲ್ ಇಟ್ಟುಕೊಂಡಿಲ್ಲ. ಇಟ್ಟುಕೊಂಡಿರುವ ನಾಲ್ಕು ಜನ ‘ಮೊದಲು ಯಾರಾದ್ರೂ ಸೈನ್ ಹಾಕ್ಲಿ, ಆಮೇಲೆ ನಾವೂ ಹಾಕ್ತೀವಿ’ ಅಂತಾರೆ. ಅವರನ್ನು ದೂರೋಕೆ ನನಗೇನು ಹಕ್ಕಿದೆ? ಇರುವ ಸಣ್ಣ ಪುಟ್ಟ ಕೆಲಸವೂ ಹೋದರೆ ಅಂತ ಅವರಿಗೆ ಭಯ.

ಮಾಲವಿಕಾ ನನ್ನ ಜೊತೆ ಮಾತಾಡೋದು ಬಿಟ್ಟಿದ್ದಾಳೆ. ನನ್ನ ಲಾಗಿನ್ ಮೊನ್ನೆಯಿಂದ ತೆರೆಯುತ್ತಿಲ್ಲ. ಬರಬೇಡಿ ಅಂತಲೂ ಹೇಳಿಲ್ಲ, ಬನ್ನಿ ಅಂತಲೂ ಹೇಳಿಲ್ಲ. ಹೋಗಿ ಕುರ್ಚಿಯಲ್ಲಿ ಕೂತು ಕಪ್ಪು ಪರದೆ ನೋಡಿ ಬರುತ್ತೇನೆ. ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತೆ. ಈ ಮನೆ ಬಾಡಿಗೆ, ಅವ್ವನ ಮಾತ್ರೆ, ಎಲ್ಲಾ ಆ ಕುರ್ಚಿಯಿಂದಲೇ ಬರುತ್ತಿತ್ತು. ಆದರೂ ಒಂದು ವಿಚಿತ್ರ ನೋಡು, ಹತ್ತು ದಿನದಿಂದ ನನ್ನ ತಲೆನೋವು ಹೋಗಿದೆ. ನಿನ್ನ ತಂಗಳು ಜೋಕು ಕೇಳಿದ್ದರೆ ಇನ್ನೂ ವಾಸಿಯಾಗುತ್ತಿತ್ತು.

ಹೊಟ್ಟೆ ತುಂಬಾ ಉಣ್ಣು. ಅವಸರದಲ್ಲಿ ಭಾರ ಎತ್ತಬೇಡ, ಮಂಡಿ ಮಡಿಸಿ ಎತ್ತು. ಅವ್ವ ನಿನ್ನ ತಲೆ ಸವರಿದ್ದೀನಿ ಅಂತ ಬರಿ ಅಂದಳು, ಬರೆದಿದ್ದೇನೆ. ಕೋಣೆಯಲ್ಲಿ ಜೊತೆಗಿರುವ ನಿನ್ನ ಗೆಳೆಯರಿಗೂ ನಮ್ಮ ನೆನಪು ಹೇಳು. ಬುದ್ಧ ನಿನ್ನ ಕೋಪವನ್ನು ಕಡಿಮೆ ಮಾಡದಿರಲಿ, ಅದಕ್ಕೆ ಸರಿಯಾದ ದಾರಿ ತೋರಿಸಲಿ.

ನಿನ್ನ ಬೈಗುಳಕ್ಕಾದರೂ ಕಾಯುತ್ತಿರುವ,
ಪದ್ಮಕ್ಕ

ತಾ.ಕ.: ಸಹಿ ಹಾಕಿ ಕವರಿಗೆ ಅಂಟು ಹಚ್ಚುವಾಗ ಕೈ ನಿಂತಿತು. ಇಷ್ಟು ಪುಟ ಬರೆದು ಮುಖ್ಯವಾದದ್ದನ್ನೇ ನುಂಗಿಕೊಂಡೆ. ನಿನ್ನೆ ಸಂಜೆ ಸುದರ್ಶನ್ ಮನೆಗೆ ಬಂದಿದ್ದರು. ಬಾಗಿಲಲ್ಲೇ ನಿಂತು, ‘ನಿಮ್ಮ ತಮ್ಮನ ಟ್ಯಾಗು ತೆಗ್ದಿದ್ದೀನಿ. ಸೋಮವಾರ ಇಂಟರ್‌ವ್ಯೂ ಮೇಲ್ ಹೋಗುತ್ತೆ, ಅದು ಬರೀ ಶಾಸ್ತ್ರಕ್ಕೆ. ಕುವೆಂಪುನಗರದಲ್ಲೇ ಕೆಲಸ. ಮಿಕ್ಕಿದ್ದನ್ನ ದೊಡ್ಡದು ಮಾಡೋದು ಬೇಡ ಅಲ್ವಾ ಪದ್ಮಾವತಿಯವರೇ’ ಅಂದರು. ನೀನೊಬ್ಬ ಒಳಗೆ, ಆರುನೂರ ಹನ್ನೊಂದು ಜನ ಹೊರಗೆ. ನನ್ನ ಬಾಯಿಗೆ ಉಗುಳು ಬಂದಿತ್ತು. ಉಗುಳಲಿಲ್ಲ. ನಿನ್ನ ಪರವಾಗಿ ಬೇಡ ಅನ್ನೋಕೆ ನಾನ್ಯಾರು? ಡಿಸೆಂಬರಿನಲ್ಲಿ ಒಂದು ಸಲ ಅಂದು ನೋಡಿದ್ದೇನೆ. ‘ಅವನನ್ನೇ ಕೇಳಿ’ ಅಂತ ಮಾತ್ರ ಹೇಳಿ ಕಳಿಸಿದೆ. ಅವ್ವ ಒಳಗಿಂದ ಎಲ್ಲಾ ಕೇಳಿಸಿಕೊಂಡಳು. ಊರಿಗೆಲ್ಲಾ ಫೋನ್ ಹಚ್ಚು ಅಂದ ಅದೇ ಅವ್ವ, ‘ಬಂದ್ಬುಡ್ಲಿ ಕಣಮ್ಮಿ ನನ್ ಮಗ, ಸೊಂಟ ಮುರ್ಕೊಂಡವ್ನೆ’ ಅಂದಳು. ಇದನ್ನು ಬರೀಬೇಡ ಅಂದಿದ್ದಾಳೆ. ಬರೆದಿದ್ದೇನೆ. ಅವಳ ಫೋನಿನಿಂದಲೇ ಹೇಳಬಹುದಿತ್ತು. ಆದರೆ ಅವಳ ದನಿ ಕೇಳಿದರೆ ನೀನು ಬಂದೇಬಿಡ್ತೀಯ, ಆಗ ಅದು ನಿನ್ನ ತೀರ್ಮಾನ ಆಗಲ್ಲ. ಈ ಕಾಗದ ಸಿಗುವಷ್ಟರಲ್ಲಿ ಮೇಲ್ ಬಂದಿರುತ್ತೆ. ಕೆಲಸ ತಗೊಂಡರೆ ತಗೋ, ಬಿಟ್ಟರೆ ಬಿಡು, ಆ ಮೇಲ್ ಮಾತ್ರ ಅಳಿಸಬೇಡ. ನಾನು ಬಾಯಿ ಬಿಟ್ಟ ಮೇಲೆ ನಿನ್ನೊಬ್ಬನನ್ನು ಕರೆದರು ಅನ್ನೋದಕ್ಕೆ ಅದೇ ಸಾಕ್ಷಿ. ನೀನು ಆ ಕೆಲಸಕ್ಕೆ ಸೇರಿದರೆ ನಾನು ಒಂದು ಮಾತೂ ಆಡಲ್ಲ, ಬುತ್ತಿ ಕಟ್ಟಿ ಕಳಿಸ್ತೀನಿ. ಆದರೆ ಎರಡೂ ನನಗೆ ಒಂದೇ ಅಂತ ಬರೆದರೆ ಸುಳ್ಳಾಗುತ್ತೆ. ಅವ್ವನಿಗೆ ನೀನು ಬೇಕು, ನನಗೆ ನಿನ್ನ ಸಹಿ ಬೇಕು. ಸಿದ್ದಮಲ್ಲಪ್ಪನವರು ಶುಕ್ರವಾರ ಹನ್ನೊಂದು ಗಂಟೆಗೆ ದೂರು ಕೊಡುತ್ತಾರೆ, ನೀನು ಬಂದರೂ ಸರಿ, ಬರದಿದ್ದರೂ ಸರಿ. ಬಂದರೆ ಅನ್ಯಾಯ ಆದವರ ಸಾಲಿನಲ್ಲಿ ಮೊದಲ ಹೆಸರು ನಿನ್ನದು, ಕೆಳಗೆ ಮೊದಲ ಸಹಿಗೆ ಕಾಯುತ್ತಿರುವ ಆ ನಾಲ್ಕು ಜನ. ಬರದಿದ್ದರೆ ಆ ಸಾಲು ಖಾಲಿ ಇರುತ್ತೆ. ಅನ್ಯಾಯ ಮಾಡಿದವರ ಸಾಲಿನಲ್ಲಿ ನನ್ನ ಹೆಸರನ್ನು ಆಗ್ಲೇ ಬರೆದು ಆಗಿದೆ.